ಚಿನ್ನಸ್ವಾಮಿ ಅಂದ್ರೆ ಬರೀ ಸ್ಟೇಡಿಯಂ ಅಲ್ಲ

ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಕ್ವಿಜ್‌ನಲ್ಲಿ ನಮ್ಮ ತಂಡ ಸೆಮಿಫೈನಲ್ ತನಕ ಬಂದಿತ್ತು. ಸ್ಕೋರು ಸಮ ಸಮ. ಕೊನೇ ಪ್ರಶ್ನೆ: ಬೆಂಗಳೂರಿನ ಕ್ರಿಕೆಟ್ ಸ್ಟೇಡಿಯಂಗೆ ಯಾರ ಹೆಸರಿದೆಯೋ ಆ ಎಂ. ಚಿನ್ನಸ್ವಾಮಿ ಯಾರು? ನಾನು ಎಲ್ಲರಿಗಿಂತ ಮುಂಚೆ ಬಜರ್ ಒತ್ತಿದೆ. ಆರ್‌ಸಿಬಿ ಫ್ಯಾನ್ ಅಲ್ವಾ, ಇಷ್ಟೂ ಗೊತ್ತಿರಲ್ವಾ ಅನ್ನೋ ಧೈರ್ಯ. ಮೈಸೂರು ತಂಡದ ಹಳೇ ಫಾಸ್ಟ್ ಬೌಲರ್ ಅಂತ ಹೇಳಿಬಿಟ್ಟೆ. ತಪ್ಪು. ಪಕ್ಕದ ತಂಡಕ್ಕೂ ಗೊತ್ತಿರಲಿಲ್ಲ, ಅವರು ಯಾವುದೋ ಮಂತ್ರಿ ಅಂದರು. ಪ್ರೇಕ್ಷಕರಲ್ಲಿ ಕೂತಿದ್ದ ಇನ್ನೂರು ಜನರಲ್ಲಿ ಒಬ್ಬರೂ ಕೈ ಎತ್ತಲಿಲ್ಲ.

ಆ ಇನ್ನೂರು ಜನರಲ್ಲಿ ಕಾಲು ಭಾಗ ಕೆಂಪು ಜೆರ್ಸಿ ಇಟ್ಟುಕೊಂಡಿರೋರೇ. ಪ್ರತಿ ಏಪ್ರಿಲ್‌ನಲ್ಲಿ ಹಾಸ್ಟೆಲ್ ಕಾಮನ್ ರೂಮಿನಲ್ಲಿ ಆ ಹೆಸರನ್ನು ನೂರು ಸಲ ಹೇಳ್ತೀವಿ. ಚಿನ್ನಸ್ವಾಮಿಯಲ್ಲಿ ಬೌಂಡರಿ ಚಿಕ್ಕದು, ಚಿನ್ನಸ್ವಾಮಿಯಲ್ಲಿ ಇನ್ನೂರು ಹೊಡೆದರೂ ಸಾಲದು, ಹೀಗೆ. ಆದರೆ ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದರು ಅಂತ ನಾನಂತೂ ಒಂದು ದಿನವೂ ಯೋಚನೆ ಮಾಡಿರಲಿಲ್ಲ.

ರಜೆಗೆ ಗಾಜನೂರಿಗೆ ಹೋದಾಗ ಈ ಕಥೆಯನ್ನು ನಮ್ಮ ಅಜ್ಜನಿಗೆ ಹೇಳಿದೆ. ನಗ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಅಜ್ಜ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನೀನು ಟೀವಿಯಲ್ಲಿ ನೋಡೋದು ಕ್ರಿಕೆಟ್ಟಿನ ಮೇಲಿನ ಬಣ್ಣ ಮಾತ್ರ, ಅಡಿಪಾಯ ಹಾಕಿದವರು ಯಾರು ಅಂತ ಇಂಜಿನಿಯರಿಂಗ್ ಓದೋ ನಿನಗಾದರೂ ಗೊತ್ತಿರಬೇಕಿತ್ತು ಅನ್ನೋ ಅರ್ಥದಲ್ಲಿ ಬೈದರು. ಆಮೇಲೆ ತುಂಗಾ ಡ್ಯಾಮ್ ಕಡೆ ಸಂಜೆ ವಾಕಿಂಗ್ ಹೋಗ್ತಾ ಅವರು ಹೇಳಿದ್ದು, ನಾನು ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದ್ದು ಎರಡೂ ಸೇರಿ ಈ ಲೇಖನ ಆಗಿದೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಚಿನ್ನಸ್ವಾಮಿ ಹೆಸರು ಮಾಡಿದ್ದು ಬ್ಯಾಟು ಬಾಲಿನಿಂದ ಅಲ್ಲ. ಅವರು ವಕೀಲರು. ಹಾಗಾಗಿ ಇದು ಸಿಕ್ಸರ್ ಹೊಡೆದವರ ಕಥೆ ಅಲ್ಲ. ಸಿಕ್ಸರ್ ಹೊಡೆಯೋಕೆ ಜಾಗ ಮಾಡಿಕೊಟ್ಟವರ ಕಥೆ.

48ಕ್ಕೆ ಆಲ್ ಔಟ್

ಮಂಗಳಂ ಚಿನ್ನಸ್ವಾಮಿ ಮುದಲಿಯಾರ್ ಹುಟ್ಟಿದ್ದು 1900ರ ಮಾರ್ಚ್ 29ರಂದು. ಅಂದರೆ ಅವರ ವಯಸ್ಸು ಲೆಕ್ಕ ಹಾಕೋದು ಬಹಳ ಸುಲಭ, ಇಸವಿಯ ಕೊನೇ ಎರಡು ಅಂಕಿ ನೋಡಿದರೆ ಆಯ್ತು. ಅವರು ಹುಟ್ಟಿದಾಗ ಇಲ್ಲಿ ಮೈಸೂರು ಮಹಾರಾಜರ ಆಳ್ವಿಕೆ. ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲಿ. ಕ್ರಿಕೆಟ್ ಅನ್ನೋದು ಸೈನಿಕರು, ಕಾಲೇಜು ಹುಡುಗರು, ಸ್ವಲ್ಪ ಅನುಕೂಲಸ್ಥರು ಆಡೋ ಆಟ.

1933ರಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿತು. ಮರುವರ್ಷ ದೇಶದಲ್ಲಿ ರಣಜಿ ಟ್ರೋಫಿ ಶುರುವಾಯ್ತು. ಆ ಟ್ರೋಫಿಯ ಮೊಟ್ಟಮೊದಲ ಪಂದ್ಯ ಯಾವುದು ಗೊತ್ತಾ? 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್‌ನಲ್ಲಿ ನಡೆದ ಮದ್ರಾಸ್–ಮೈಸೂರು ಪಂದ್ಯ. ಚರಿತ್ರೆಯಲ್ಲಿ ನಮ್ಮ ಹೆಸರು ಮೊದಲ ಪುಟದಲ್ಲೇ ಇದೆ, ಆದರೆ ನಾಚಿಕೆ ಆಗೋ ಹಾಗೆ ಇದೆ. ಮೈಸೂರು ಮೊದಲ ಇನಿಂಗ್ಸ್‌ನಲ್ಲಿ 48, ಎರಡನೇದರಲ್ಲಿ 59. ಮದ್ರಾಸ್ ಹೊಡೆದದ್ದು ಬರೀ 130, ಅಷ್ಟಕ್ಕೇ ಇನಿಂಗ್ಸ್ ಮತ್ತು 23 ರನ್‌ಗಳ ಗೆಲುವು. ಇಡೀ ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯ್ತು! ಎ. ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ತೆಗೆದರು.

ಆಗ ಚಿನ್ನಸ್ವಾಮಿಯವರಿಗೆ 34. ಇಂಥ ಒಂದು ತಂಡದ ಸಂಸ್ಥೆಗೆ ಅವರು ಮುಂದೆ ಸುಮಾರು ನಾಲ್ಕು ದಶಕ ದುಡಿದರು. ಕಾರ್ಯದರ್ಶಿಯಾಗಿ ಬಹಳ ವರ್ಷ, ಆಮೇಲೆ ಅಧ್ಯಕ್ಷರಾಗಿ. ಕಾರ್ಯದರ್ಶಿ ಅಂದರೆ ಈಗಿನ ಥರ ಸೂಟು ಹಾಕಿಕೊಂಡು ಟಾಸ್ ಹೊತ್ತಿಗೆ ಟೀವಿಯಲ್ಲಿ ಕಾಣಿಸಿಕೊಳ್ಳೋ ಕೆಲಸ ಅಂದ್ಕೋಬೇಡಿ. ರಾಜ್ಯ ಸಂಸ್ಥೆಯ ಕೆಲಸ ಅಂದರೆ ಕ್ಲಬ್ಬುಗಳ ಲೀಗ್ ನಡೆಸಬೇಕು, ಅಂಪೈರ್‌ಗಳನ್ನು ಹೊಂದಿಸಬೇಕು, ರಣಜಿ ತಂಡವನ್ನು ರೈಲಿನಲ್ಲಿ ಊರೂರಿಗೆ ಕಳಿಸಬೇಕು, ಹಣದ ಲೆಕ್ಕ ಇಡಬೇಕು, ಬೋರ್ಡಿನ ಮೀಟಿಂಗಿನಲ್ಲಿ ನಮ್ಮ ಹುಡುಗರ ಪರವಾಗಿ ಮಾತಾಡಬೇಕು. ಇದರಲ್ಲಿ ಒಂದಕ್ಕೂ ಚಪ್ಪಾಳೆ ಬೀಳಲ್ಲ.

ಮೈಸೂರು ತಂಡ 1941–42ರಲ್ಲಿ ರಣಜಿ ಫೈನಲ್ ಮುಟ್ಟಿತು, ಬಾಂಬೆ ಎದುರು ಸೋತಿತು. 1959–60ರಲ್ಲಿ ಮತ್ತೆ ಫೈನಲ್, ಮತ್ತೆ ಬಾಂಬೆ, ಮತ್ತೆ ಸೋಲು. ಆ ಕಾಲದ ಬಾಂಬೆ ಅಂದರೆ ಏನು ಅಂತ ನಮ್ಮ ತಲೆಮಾರಿಗೆ ಅರ್ಥ ಆಗೋದು ಕಷ್ಟ. 1958–59ರಿಂದ 1972–73ರ ತನಕ ಸತತ 15 ವರ್ಷ ಟ್ರೋಫಿ ಅವರದೇ. ಅಮೆರಿಕದ ಬೇಸ್‌ಬಾಲ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ 1949ರಿಂದ 1953ರ ತನಕ ಸತತ 5 ಸಲ ಚಾಂಪಿಯನ್ ಆಗಿದ್ದನ್ನೇ ಅಲ್ಲಿನವರು ಇವತ್ತಿಗೂ ದಂತಕಥೆ ಥರ ಹೇಳ್ತಾರೆ. ಇಲ್ಲಿ ಅದರ ಮೂರು ಪಟ್ಟು! ಬಾಂಬೆಯನ್ನು ಬಿಟ್ಟರೆ ಉಳಿದವರೆಲ್ಲ ಎರಡನೇ ಸ್ಥಾನಕ್ಕೆ ಆಡ್ತಿದ್ದರು ಅಷ್ಟೇ.

ಸ್ವಂತ ಮನೆ ಇಲ್ಲದ ತಂಡ

ನಮಗೆ ಇನ್ನೊಂದು ಕೊರತೆ ಇತ್ತು. ಬೆಂಗಳೂರಿನಲ್ಲಿ ಟೆಸ್ಟ್ ಆಡಿಸೋ ಮೈದಾನವೇ ಇರಲಿಲ್ಲ. ದೊಡ್ಡ ಪಂದ್ಯಗಳು ನಡೀತಿದ್ದದ್ದು ಸೆಂಟ್ರಲ್ ಕಾಲೇಜ್ ಮೈದಾನದಲ್ಲಿ. ಅದು ಕಾಲೇಜಿನ ಮೈದಾನ, ಸಂಸ್ಥೆಯ ಸ್ವಂತದ್ದಲ್ಲ. ಮದ್ರಾಸ್, ಬಾಂಬೆ, ಕಲ್ಕತ್ತಾ, ದಿಲ್ಲಿ, ಕಾನ್ಪುರ, ಎಲ್ಲ ಕಡೆ ಟೆಸ್ಟ್ ನಡೀತಿದ್ದರೆ ಬೆಂಗಳೂರಿನವರು ರೇಡಿಯೋ ಮುಂದೆ ಕೂತುಕೊಂಡು ಕೇಳ್ತಿದ್ದರು.

ಚಿನ್ನಸ್ವಾಮಿ 1960ರಿಂದ 1965ರ ತನಕ ಭಾರತೀಯ ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿ ಆಗಿದ್ದರು. ದೇಶದ ಕ್ರಿಕೆಟ್ಟಿನ ಕಾಗದಪತ್ರ ಎಲ್ಲ ಅವರ ಮೇಜಿನ ಮೇಲೆ. ಯಾವ ಊರಲ್ಲಿ ಟೆಸ್ಟ್ ನಡೆಯುತ್ತೆ ಅನ್ನೋ ಪಟ್ಟಿಯಲ್ಲಿ ಮಾತ್ರ ಅವರ ಊರಿನ ಹೆಸರೇ ಇಲ್ಲ.

ಸರ್ಕಾರದ ನೆರವಿನಿಂದ ಕಬ್ಬನ್ ಪಾರ್ಕ್ ಪಕ್ಕದಲ್ಲಿ ಜಾಗ ಸಿಕ್ಕಿತು. 1969ರ ಮೇ ತಿಂಗಳಲ್ಲಿ ಅಡಿಗಲ್ಲು ಬಿತ್ತು. 1970ರ ಮೇನಲ್ಲಿ ಕಟ್ಟೋ ಕೆಲಸ ಶುರು. ಆಗ ಚಿನ್ನಸ್ವಾಮಿಯವರಿಗೆ 70 ವರ್ಷ. ಸಾಮಾನ್ಯವಾಗಿ ಆ ವಯಸ್ಸಿಗೆ ಜನ ಕಟ್ಟಿದ ಮನೆಯನ್ನು ಮಕ್ಕಳಿಗೆ ಬರೆದುಕೊಟ್ಟು ಜಗುಲಿ ಮೇಲೆ ಕೂತಿರ್ತಾರೆ. ಇವರು ಆ ವಯಸ್ಸಲ್ಲಿ ಸ್ಟೇಡಿಯಂ ಕಟ್ಟಿಸೋಕೆ ಹೊರಟರು. 1972–73ರ ಹೊತ್ತಿಗೆ ಅಲ್ಲಿ ಪ್ರಥಮ ದರ್ಜೆ ಪಂದ್ಯಗಳು ಶುರುವಾದವು.

ಸಿವಿಲ್ ಬ್ರಾಂಚಿನ ಗೆಳೆಯರೇ, ಇದನ್ನು ಸ್ವಲ್ಪ ಗಮನಿಸಿ. ಕಟ್ಟಡದ ಮುಂದೆ ಆರ್ಕಿಟೆಕ್ಟ್ ಹೆಸರು ಇರುತ್ತೆ, ಉದ್ಘಾಟನೆ ಮಾಡಿದವರ ಹೆಸರು ಇರುತ್ತೆ. ಫೈಲು ಹಿಡಿದುಕೊಂಡು ಆಫೀಸಿಂದ ಆಫೀಸಿಗೆ ಓಡಾಡಿದವರ ಹೆಸರು ಕಲ್ಲಿನ ಮೇಲೆ ಬರೋದು ಅಪರೂಪ. ಇದು ಅಂಥ ಅಪರೂಪದ ಕೇಸು.

ಹುಡುಗರು ಬಂದರು

ಮೈದಾನ ಎದ್ದೇಳ್ತಿದ್ದ ಹೊತ್ತಿಗೇ ಆಡೋ ಹುಡುಗರೂ ಎದ್ದು ಬಂದರು. ಇಂಥ ಕಾಕತಾಳೀಯ ಒಂದು ರಾಜ್ಯಕ್ಕೆ ಐವತ್ತು ವರ್ಷಕ್ಕೊಮ್ಮೆ ಸಿಗಬಹುದೇನೋ.

ಮೊದಲು ಎರಪಳ್ಳಿ ಪ್ರಸನ್ನ. ಇವರ ಬಗ್ಗೆ ನಾವೆಲ್ಲ ಎದ್ದು ನಿಂತು ಓದಬೇಕು, ಯಾಕಂದ್ರೆ ಇವರು ನಮ್ಮವರು, ಅಂದರೆ ಇಂಜಿನಿಯರ್. ಮೈಸೂರಿನ ಎನ್‌ಐಇ ಕಾಲೇಜು. 1962ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋಗಿ ಬಂದರು. ಆಮೇಲೆ? ಕ್ರಿಕೆಟ್ ಬದಿಗಿಟ್ಟು ಡಿಗ್ರಿ ಮುಗಿಸಿದರು! ಭಾರತ ತಂಡಕ್ಕೆ ವಾಪಸ್ ಬಂದಿದ್ದು 1967ರಲ್ಲಿ. ಐದು ವರ್ಷ ಟೆಸ್ಟ್ ಇಲ್ಲ. ವಾಪಸ್ ಬಂದವರು ತಮ್ಮ 20ನೇ ಟೆಸ್ಟ್‌ಗೇ 100 ವಿಕೆಟ್ ಮುಟ್ಟಿದರು. ಒಟ್ಟು 49 ಟೆಸ್ಟ್, 189 ವಿಕೆಟ್. ಬ್ಯಾಕ್‌ಲಾಗ್ ಇದೆ ಅಂತ ಆಟ ಬಿಡೋರೂ, ಆಟ ಇದೆ ಅಂತ ಬ್ಯಾಕ್‌ಲಾಗ್ ಇಟ್ಟುಕೊಳ್ಳೋರೂ ಇಬ್ಬರೂ ಇವರನ್ನು ನೋಡಿ ಕಲಿಯೋದಿದೆ.

ಆಮೇಲೆ ಭಾಗವತ್ ಚಂದ್ರಶೇಖರ್. ಚಿಕ್ಕವರಿದ್ದಾಗ ಪೋಲಿಯೋ ಬಂದು ಬಲಗೈ ಸೊರಗಿಹೋಗಿತ್ತು. ಚೆಂಡು ಎಸೆಯೋಕೆ ಎಡಗೈ, ಬೌಲಿಂಗ್ ಮಾಡೋಕೆ ಮಾತ್ರ ಅದೇ ಸೊರಗಿದ ಬಲಗೈ. ಆ ಕೈಯಿಂದ ಮಧ್ಯಮ ವೇಗಿಯ ಸ್ಪೀಡಿನಲ್ಲಿ ಗೂಗ್ಲಿ ಬರ್ತಿತ್ತು. 1971ರಲ್ಲಿ ಲಂಡನ್ನಿನ ಓವಲ್‌ನಲ್ಲಿ 38 ರನ್ ಕೊಟ್ಟು 6 ವಿಕೆಟ್ ಕಿತ್ತು, ಭಾರತಕ್ಕೆ ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು. 58 ಟೆಸ್ಟ್‌ಗಳಲ್ಲಿ 242 ವಿಕೆಟ್. ಬ್ಯಾಟಿಂಗ್‌ನಲ್ಲಿ ಹೊಡೆದ ಒಟ್ಟು ರನ್ 167. ರನ್‌ಗಿಂತ ವಿಕೆಟ್ಟೇ ಜಾಸ್ತಿ!

ಮೂರನೆಯವರು ನಮ್ಮ ಜಿಲ್ಲೆಯವರು. ಗುಂಡಪ್ಪ ವಿಶ್ವನಾಥ್, 1949ರಲ್ಲಿ ಹುಟ್ಟಿದ್ದು ಭದ್ರಾವತಿಯಲ್ಲಿ. ಅಜ್ಜನ ಕಾರ್ಖಾನೆಯ ಊರು. ಇಲ್ಲಿ ಅಜ್ಜನ ದನಿ ಸ್ವಲ್ಪ ಏರಿತು ಅಂತ ಬೇರೆ ಹೇಳಬೇಕಾಗಿಲ್ಲ. ಭದ್ರಾವತಿ ಅಂದರೆ ಜನಕ್ಕೆ ಕಬ್ಬಿಣ, ಕಾಗದ ನೆನಪಾಗುತ್ತೆ. ಅಜ್ಜನಿಗೆ ಮಾತ್ರ ಮೊದಲು ನೆನಪಾಗೋದು ವಿಶಿ ಹೊಡೀತಿದ್ದ ಸ್ಕ್ವೇರ್ ಕಟ್. ಆಳು ಕುಳ್ಳ, ಆದರೆ ಮಣಿಕಟ್ಟು ಕಬ್ಬಿಣ. 1967ರಲ್ಲಿ ಮೈಸೂರು ತಂಡದ ಪರ ಮೊದಲ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ಹೊಡೆದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೇದರಲ್ಲಿ 137. ಒಟ್ಟು 91 ಟೆಸ್ಟ್, 6,080 ರನ್, 14 ಶತಕ. ಅವರು ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋತಿಲ್ಲ.

ಇವರ ಜೊತೆ ಬ್ರಿಜೇಶ್ ಪಟೇಲ್, ವಿಕೆಟ್ ಹಿಂದೆ ಸೈಯದ್ ಕಿರ್ಮಾನಿ, ಇನ್ನೂ ಹಲವರು. ಈಗಿನ ಥರ ಕೋಟಿಗಟ್ಟಲೆ ಹರಾಜು ಇಲ್ಲ. ಹೆಚ್ಚಿನ ರಣಜಿ ಆಟಗಾರರು ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಕೆಲಸ ಮಾಡಿಕೊಂಡು, ರಜೆ ಹಾಕಿ ಬಂದು ಆಡಬೇಕಿತ್ತು. ಸಂಬಳ ಅಲ್ಲಿಂದ, ಆಟ ಇಲ್ಲಿ.

1974: ಎರಡು ತಿಂಗಳುಗಳು

1973ರ ನವೆಂಬರ್ 1ಕ್ಕೆ ನಮ್ಮ ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆಯ್ತು. ನಾವು ಪ್ರತಿ ವರ್ಷ ಬಾವುಟ ಕಟ್ಟಿ ಡೊಳ್ಳು ಬಾರಿಸ್ತೀವಲ್ಲ, ಅದೇ ದಿನ. ಕ್ರಿಕೆಟ್ ಸಂಸ್ಥೆಯ ಹೆಸರೂ ಬದಲಾಯ್ತು. ತಂಡದ ಹೆಸರೂ ಬದಲಾಯ್ತು. ಕರ್ನಾಟಕ ಅನ್ನೋ ಹೆಸರಿನಲ್ಲಿ ಆಡಿದ ಮೊದಲ ರಣಜಿ ಋತುವಿನಲ್ಲೇ ತಂಡ ಸೆಮಿಫೈನಲ್ ಮುಟ್ಟಿತು. ಎದುರಾಳಿ ಯಾರು ಅಂತ ಊಹಿಸಿ. ಹೌದು, ಬಾಂಬೆ. ಆದರೆ ಈ ಸಲ ಆಟ ಬೆಂಗಳೂರಿನಲ್ಲಿ, ಹೊಸ ಮೈದಾನದಲ್ಲಿ, 1974ರ ಮಾರ್ಚ್‌ನಲ್ಲಿ.

ನಾಯಕ ಪ್ರಸನ್ನ. ಕರ್ನಾಟಕ ಮೊದಲು ಬ್ಯಾಟ್ ಮಾಡಿ 385 ಹೊಡೆಯಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬಾಂಬೆ ಕಡೆ ಸುನಿಲ್ ಗವಾಸ್ಕರ್, ಅಜಿತ್ ವಾಡೇಕರ್ ಇದ್ದರು. ಮೂರೇ ವರ್ಷ ಹಿಂದೆ ವೆಸ್ಟ್ ಇಂಡೀಸ್, ಇಂಗ್ಲೆಂಡ್ ಎರಡೂ ಕಡೆ ಭಾರತವನ್ನು ಗೆಲ್ಲಿಸಿ ಬಂದ ಕ್ಯಾಪ್ಟನ್ ವಾಡೇಕರ್. ಗವಾಸ್ಕರ್ 30 ರನ್‌ಗೆ ಪ್ರಸನ್ನರ ಸ್ಪಿನ್‌ಗೆ ಬೋಲ್ಡ್ ಆದರು. ಆ ಚೆಂಡಿನ ಬಗ್ಗೆ ಹಳಬರು ಇವತ್ತಿಗೂ ಕೈಯಲ್ಲಿ ತಿರುಗಿಸಿ ತೋರಿಸ್ತಾರೆ, ನಮ್ಮಜ್ಜ ಚಪ್ಪೆ ಸೌತೆಕಾಯಿ ಹಿಡಿದು ತೋರಿಸಿದರು. ವಾಡೇಕರ್ 62 ಹೊಡೆದು ಚೆನ್ನಾಗಿ ನಿಂತಿದ್ದರು. ರನ್ ಓಡುವಾಗ ಕಾಲು ಜಾರಿ ಬಿದ್ದು ರನ್ ಔಟ್! ಬಾಂಬೆ 307ಕ್ಕೆ ಮುಗಿಯಿತು. ಪ್ರಸನ್ನ, ಚಂದ್ರ ಇಬ್ಬರೇ ಸೇರಿ ಹೆಚ್ಚುಕಡಿಮೆ ಇಡೀ ತಂಡವನ್ನು ಮುಗಿಸಿದ್ದರು. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕರ್ನಾಟಕ ಫೈನಲ್‌ಗೆ. 15 ವರ್ಷದ ಸಾಮ್ರಾಜ್ಯ ಬಿತ್ತು.

ಫೈನಲ್ ಜೈಪುರದಲ್ಲಿ, ರಾಜಸ್ಥಾನದ ಮೇಲೆ. 185 ರನ್‌ಗಳಿಂದ ಗೆದ್ದರು. 48ಕ್ಕೆ ಆಲ್ ಔಟ್ ಆಗಿ ಶುರುವಾದ ಪ್ರಯಾಣಕ್ಕೆ ಮೊದಲ ಟ್ರೋಫಿ ಸಿಕ್ಕಿದ್ದು 40 ವರ್ಷ ಆದಮೇಲೆ. ಚಿನ್ನಸ್ವಾಮಿಯವರಿಗೆ 74.

ಅದೇ ವರ್ಷ ನವೆಂಬರ್ 22. ಬೆಂಗಳೂರಿನ ಮೊಟ್ಟಮೊದಲ ಟೆಸ್ಟ್. ಎದುರಾಳಿ ಕ್ಲೈವ್ ಲಾಯ್ಡ್ ಅವರ ವೆಸ್ಟ್ ಇಂಡೀಸ್. ಅವತ್ತು ಇಬ್ಬರು ಹೊಸ ಹುಡುಗರು ಅವರ ಪರ ಮೊದಲ ಟೆಸ್ಟ್ ಆಡಿದರು. ಒಬ್ಬರು ಗಾರ್ಡನ್ ಗ್ರೀನಿಜ್, 93 ಮತ್ತು 107 ಹೊಡೆದರು. ಇನ್ನೊಬ್ಬ ಹುಡುಗನನ್ನು ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ ಔಟ್ ಮಾಡಿದರು, ಅವನು ಹೊಡೆದದ್ದು 4 ಮತ್ತು 3. ಅವನ ಹೆಸರು ವಿವ್ ರಿಚರ್ಡ್ಸ್. ಜಗತ್ತನ್ನೇ ಹೆದರಿಸಿದ ರಿಚರ್ಡ್ಸ್ ಮೊದಲು ತಡವರಿಸಿದ್ದು ನಮ್ಮ ಚಿನ್ನಸ್ವಾಮಿಯಲ್ಲಿ. ಭಾರತ ಆ ಪಂದ್ಯವನ್ನು 267 ರನ್‌ಗಳಿಂದ ಸೋತಿತು, ಅದು ಬೇರೆ ಮಾತು. ಆದರೆ ರೇಡಿಯೋದಲ್ಲಿ ಕೇಳ್ತಿದ್ದ ಊರು ಮೊದಲ ಸಲ ಟೆಸ್ಟನ್ನು ಕಣ್ಣಾರೆ ನೋಡಿತು.

ಹತ್ತು ವರ್ಷ, ಆರು ಫೈನಲ್

1973–74ರಿಂದ 1982–83ರ ತನಕ ಹತ್ತು ಋತುಗಳಲ್ಲಿ ಕರ್ನಾಟಕ ಆರು ಸಲ ರಣಜಿ ಫೈನಲ್ ಆಡಿತು, ಮೂರು ಸಲ ಗೆದ್ದಿತು. ಇದನ್ನೇ ನಮ್ಮ ಕ್ರಿಕೆಟ್ಟಿನ ಮೊದಲ ಸುವರ್ಣಯುಗ ಅನ್ನೋದು. ಮರುವರ್ಷವೇ ಬಾಂಬೆ ಫೈನಲ್‌ನಲ್ಲಿ ಸೇಡು ತೀರಿಸಿಕೊಂಡಿತು. 1977–78ರಲ್ಲಿ ಮತ್ತೆ ಟ್ರೋಫಿ ನಮ್ಮದಾಯ್ತು. ಉತ್ತರ ಪ್ರದೇಶದ ವಿರುದ್ಧ ಆ ಫೈನಲ್‌ನಲ್ಲಿ ವಿಶ್ವನಾಥ್ 247 ಹೊಡೆದರು. 1978–79ರಲ್ಲಿ ದಿಲ್ಲಿ ಎದುರು ಸೋಲು.

1981–82ರ ಫೈನಲ್ ಕಥೆಯನ್ನು ಕೇಳಿದರೆ ಈಗಲೂ ಹೊಟ್ಟೆ ಉರಿಯುತ್ತೆ. ಕರ್ನಾಟಕ 705 ಹೊಡೆಯಿತು. ಏಳುನೂರಾ ಐದು! ಯಾರಾದರೂ ಇಷ್ಟು ಹೊಡೆದು ಸೋಲ್ತಾರಾ? ದಿಲ್ಲಿ 8 ವಿಕೆಟ್ಟಿಗೆ 707 ಹೊಡೆದು ಮುನ್ನಡೆ ತೆಗೆದುಕೊಂಡಿತು. ಆದರೆ ಮುಂದಿನ ವರ್ಷವೇ ಬ್ರಿಜೇಶ್ ಪಟೇಲ್ ನಾಯಕತ್ವದಲ್ಲಿ ಬಾಂಬೆಯನ್ನು ಬಾಂಬೆಯಲ್ಲೇ ಸೋಲಿಸಿ ಮೂರನೇ ಟ್ರೋಫಿ ತಂದರು. ಅದಾಗಿ ಕೆಲವೇ ತಿಂಗಳಿಗೆ ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ವಿಶ್ವಕಪ್ ಎತ್ತಿದಾಗ ಆ ತಂಡದಲ್ಲಿ ಕಿರ್ಮಾನಿ ಇದ್ದರು, 18 ವಿಕೆಟ್ ತೆಗೆದು ಇಡೀ ಟೂರ್ನಿಯಲ್ಲೇ ಮೊದಲ ಸ್ಥಾನದಲ್ಲಿದ್ದ ನಮ್ಮ ರೋಜರ್ ಬಿನ್ನಿ ಇದ್ದರು.

ಬೋರ್ಡಿನ ಕುರ್ಚಿ

1977ರಲ್ಲಿ ಚಿನ್ನಸ್ವಾಮಿ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾದರು. 1980ರ ತನಕ ಇದ್ದರು. ಅದು ಕ್ರಿಕೆಟ್ ಜಗತ್ತು ಅಲ್ಲಾಡಿದ ಕಾಲ. ಆಸ್ಟ್ರೇಲಿಯಾದ ಕೆರಿ ಪ್ಯಾಕರ್ ಅನ್ನೋ ಟೀವಿ ಉದ್ಯಮಿ ಪ್ರಪಂಚದ ದೊಡ್ಡ ದೊಡ್ಡ ಆಟಗಾರರನ್ನೆಲ್ಲ ದುಡ್ಡು ಕೊಟ್ಟು ತನ್ನದೇ ಸರಣಿಗೆ ಎಳೆದುಕೊಂಡ. ಬಣ್ಣದ ಬಟ್ಟೆ, ಬಿಳಿ ಚೆಂಡು, ರಾತ್ರಿ ದೀಪದಲ್ಲಿ ಆಟ. ಇವತ್ತು ನಾವು ನೋಡೋ ಐಪಿಎಲ್‌ನ ಅಜ್ಜ ಅಂತಲೇ ಅದನ್ನು ಕರೀಬಹುದು. ದೇಶ ದೇಶಗಳ ಬೋರ್ಡುಗಳು ಗಾಬರಿಯಾಗಿದ್ದವು. ಆ ಹೊತ್ತಿನಲ್ಲಿ ಭಾರತದ ಕುರ್ಚಿಯಲ್ಲಿ ಇದ್ದದ್ದು ಸುಮಾರು 80ರ ವಯಸ್ಸಿನ ಬೆಂಗಳೂರಿನ ವಕೀಲರು. 1978ರಲ್ಲಿ ಭಾರತ ತಂಡ 17 ವರ್ಷಗಳ ನಂತರ ಪಾಕಿಸ್ತಾನದ ಎದುರು ಟೆಸ್ಟ್ ಆಡಿದ್ದೂ ಇವರ ಅವಧಿಯಲ್ಲೇ.

ಈ ಅವಧಿಯ ಒಂದು ಪಂದ್ಯದ ಬಗ್ಗೆ ಹೇಳಲೇಬೇಕು. 1980ರ ಫೆಬ್ರವರಿ, ಬಾಂಬೆ. ಬೋರ್ಡಿನ ಸುವರ್ಣ ಮಹೋತ್ಸವಕ್ಕೆ ಅಂತ ಇಂಗ್ಲೆಂಡ್ ವಿರುದ್ಧ ಒಂದೇ ಒಂದು ಟೆಸ್ಟ್. ಬೋರ್ಡಿನ ಅಧ್ಯಕ್ಷ ಚಿನ್ನಸ್ವಾಮಿ, ತಂಡದ ನಾಯಕ ಭದ್ರಾವತಿಯ ವಿಶ್ವನಾಥ್, ಕೀಪರ್ ಕಿರ್ಮಾನಿ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಆಮೇಲೆ ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಅಂತ ಅಂಪೈರ್ ಔಟ್ ಕೊಟ್ಟರು. ಬ್ಯಾಟಿಗೆ ಚೆಂಡು ತಾಗಿಲ್ಲ ಅಂತ ವಿಶ್ವನಾಥ್‌ಗೆ ಅನ್ನಿಸಿತು. ಹೋಗ್ತಿದ್ದ ಟೇಲರ್‌ರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಇಯಾನ್ ಬೋಥಂ ಸೇರಿ 171 ರನ್ ಜೊತೆಯಾಟ ಆಡಿದರು, ಬೋಥಂ ಶತಕ ಹೊಡೆದು 13 ವಿಕೆಟ್ಟೂ ತೆಗೆದರು, ಭಾರತ 10 ವಿಕೆಟ್‌ಗಳಿಂದ ಸೋತಿತು.

ಹಾಸ್ಟೆಲ್‌ನಲ್ಲಿ ಇದನ್ನು ಹೇಳಿದಾಗ ಅರ್ಧ ಜನ ವಿಶ್ವನಾಥ್ ಮಾಡಿದ್ದು ದಡ್ಡತನ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. 45 ವರ್ಷ ಆದಮೇಲೂ ನಾವು ಹಾಸ್ಟೆಲ್‌ನಲ್ಲಿ ಕೂತು ಜಗಳ ಆಡ್ತಿರೋದು ಆ ನಿರ್ಧಾರದ ಬಗ್ಗೆ, ಗೆದ್ದವರ ಸ್ಕೋರಿನ ಬಗ್ಗೆ ಅಲ್ಲ.

ಕೊನೆಯ ದಿನಗಳು

ಬೋರ್ಡು ಬಿಟ್ಟಮೇಲೂ ಚಿನ್ನಸ್ವಾಮಿ ರಾಜ್ಯ ಸಂಸ್ಥೆಯನ್ನು ಬಿಡಲಿಲ್ಲ. ಎಂಬತ್ತು ದಾಟಿದರೂ ಅಧ್ಯಕ್ಷರಾಗಿ ಇದ್ದರು. 1987ರ ಮಾರ್ಚ್‌ನಲ್ಲಿ, ಅವರಿಗೆ 87 ತುಂಬೋಕೆ ಎರಡು ವಾರ ಇರುವಾಗ, ಅದೇ ಮೈದಾನದಲ್ಲಿ ಗವಾಸ್ಕರ್ ತಮ್ಮ ಕೊನೇ ಟೆಸ್ಟ್ ಆಡಿದರು. ಪಾಕಿಸ್ತಾನದ ವಿರುದ್ಧ, ಚೆಂಡು ಬುಗುರಿ ಥರ ತಿರುಗ್ತಿದ್ದ ಪಿಚ್ಚಿನಲ್ಲಿ 96. ಭಾರತ 16 ರನ್‌ನಿಂದ ಸೋತಿತು. 1974ರಲ್ಲಿ ಇದೇ ಊರಲ್ಲಿ ಪ್ರಸನ್ನರಿಗೆ ಬೋಲ್ಡ್ ಆಗಿದ್ದ ಗವಾಸ್ಕರ್ ಟೆಸ್ಟ್ ಬದುಕು ಮುಗಿಸಿದ್ದೂ ಇದೇ ಊರಲ್ಲಿ.

1991ರ ನವೆಂಬರ್ 8ರಂದು ಚಿನ್ನಸ್ವಾಮಿ ತೀರಿಕೊಂಡರು. 91 ವರ್ಷ. ಕೆಎಸ್‌ಸಿಎ ಸ್ಟೇಡಿಯಂ ಅಂತ ಇದ್ದ ಮೈದಾನಕ್ಕೆ ಅವರ ಸೇವೆಯ ನೆನಪಿಗೆ ಅವರದೇ ಹೆಸರಿಟ್ಟರು.

ಅವರು ನೋಡದೇ ಹೋದದ್ದು ಬಹಳ ಇದೆ. 1996ರ ವಿಶ್ವಕಪ್‌ಗೆ ಅಲ್ಲಿ ಫ್ಲಡ್‌ಲೈಟ್ ಬಂತು, ಪಾಕಿಸ್ತಾನದ ವಿರುದ್ಧ ಕ್ವಾರ್ಟರ್‌ಫೈನಲ್‌ನಲ್ಲಿ ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್‌ರನ್ನು ಬೋಲ್ಡ್ ಮಾಡಿದ್ದು ಆ ದೀಪದ ಕೆಳಗೆ. ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಕಾಲದಲ್ಲಿ ಕರ್ನಾಟಕ ಇನ್ನೂ ಮೂರು ರಣಜಿ ಗೆದ್ದಿತು. (ಕುಂಬ್ಳೆ ಆರ್‌ವಿಯಲ್ಲಿ ಮೆಕ್ಯಾನಿಕಲ್, ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಇನ್‌ಸ್ಟ್ರುಮೆಂಟೇಶನ್. ನಮ್ಮ ಕುಲ ದೊಡ್ಡದು!) 2013–14, 2014–15ರಲ್ಲಿ ಇನ್ನೆರಡು ಸೇರಿ ಈಗ ಒಟ್ಟು ಎಂಟು. 2015ರಲ್ಲಿ ಸ್ಟೇಡಿಯಂ ಚಾವಣಿ ಮೇಲೆ ಸೋಲಾರ್ ಫಲಕಗಳು ಬಂದವು, ಆಮೇಲೆ ಮಳೆ ನೀರನ್ನು ಮೈದಾನದ ಅಡಿಯಿಂದಲೇ ಹೀರಿ ತೆಗೆಯೋ ಸಬ್‌ಏರ್ ವ್ಯವಸ್ಥೆ ಬಂತು. ಈಗ ನಮ್ಮ ಶಿವಮೊಗ್ಗದ ನವುಲೆಯಲ್ಲೂ ಸಂಸ್ಥೆಯ ಮೈದಾನ ಇದೆ, ರಣಜಿ ನೋಡೋಕೆ ಬೆಂಗಳೂರಿಗೇ ಹೋಗಬೇಕು ಅಂತಿಲ್ಲ.

2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಕಪ್ ಗೆದ್ದಿತು. ಆ ರಾತ್ರಿ ನಾವು ಕುಣಿದ ಕುಣಿತ ನಿಮಗೂ ನೆನಪಿರುತ್ತೆ. ಮರುದಿನ ಸಂಭ್ರಮಕ್ಕೆ ಅಂತ ಬಂದವರು ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ತಿರ ನೂಕುನುಗ್ಗಲಿಗೆ ಸಿಕ್ಕರು. 11 ಜನ ಸತ್ತರು. ಹೆಚ್ಚಿನವರು ನಮ್ಮ ವಯಸ್ಸಿನ ಆಸುಪಾಸಿನವರು. ಅವತ್ತಿಂದ ಎಷ್ಟೋ ಮನೆಗಳಲ್ಲಿ ಆ ಹೆಸರು ಕೇಳಿದರೆ ಬೇರೆಯೇ ನೆನಪು ಬರುತ್ತೆ. ನನ್ನ ಅಮ್ಮ ಅವತ್ತು ನನಗೆ ಒಂಬತ್ತು ಸಲ ಫೋನ್ ಮಾಡಿದ್ದಳು, ನಾನು ಊರಲ್ಲಿ ಇಲ್ಲ ಅಂತ ಗೊತ್ತಿದ್ದರೂ.

ಅಜ್ಜನ ಹತ್ತಿರ ಇದನ್ನೂ ಮಾತಾಡಿದೆ. ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗೋ ಹೊತ್ತಿಗೆ ಸಾವಿರಾರು ಜನ ಒಂದೇ ಗೇಟಿನಿಂದ ಹೊರಗೆ ಬರ್ತಿದ್ದರಂತೆ. ಗೇಟು ಎಷ್ಟು ಅಗಲ ಇರಬೇಕು, ಯಾವಾಗ ತೆಗೀಬೇಕು, ಯಾರು ನಿಂತಿರಬೇಕು ಅನ್ನೋದನ್ನೆಲ್ಲ ಯಾರೋ ಒಬ್ಬರು ಕೂತು ಯೋಚನೆ ಮಾಡಿರ್ತಿದ್ದರು, ಅವರ ಹೆಸರು ಯಾರಿಗೂ ಗೊತ್ತಿರ್ತಿರಲಿಲ್ಲ ಅಂದರು. ಗೇಟಿನ ಬಗ್ಗೆ ಯೋಚನೆ ಮಾಡೋರು ಇಲ್ಲದಿದ್ದರೆ ಒಳಗೆ ಎಂಥ ಆಟ ನಡೆದರೂ ಪ್ರಯೋಜನ ಇಲ್ಲ. ನಾಳೆ ನಾವು ಇಂಜಿನಿಯರ್ ಆಗಿ ಮಾಡೋ ಕೆಲಸದಲ್ಲಿ ಹೆಚ್ಚಿನದು ಗೇಟಿನ ಕೆಲಸವೇ.

ಕೊನೆಗೆ ನನ್ನ ಒಂದು ಸಣ್ಣ ಸುದ್ದಿ. ಈ ವರ್ಷ ಕಾಲೇಜು ತಂಡದ ಸೆಲೆಕ್ಷನ್‌ನಲ್ಲಿ ನಾನು ಉಳಿಯಲಿಲ್ಲ. ಎರಡನೇ ವರ್ಷವೂ. ಬದಲಿಗೆ ಮ್ಯಾನೇಜರ್ ಆಗು ಅಂದರು. ಮ್ಯಾನೇಜರ್ ಅಂದರೆ ಮ್ಯಾಟ್ ಹಾಸೋದು, ಬಸ್ಸಿಗೆ ಅರ್ಜಿ ಬರೆಯೋದು, ನೀರಿನ ಕ್ಯಾನ್ ತರೋದು, ಸ್ಕೋರ್ ಬುಕ್ ಹಿಡಿಯೋದು. ಕ್ವಿಜ್‌ಗೆ ಮುಂಚೆ ಕೇಳಿದ್ದರೆ ಅವಮಾನ ಅಂತ ಇಲ್ಲ ಅಂತಿದ್ದೆ. ಈಗ ಹೂಂ ಅಂದಿದ್ದೀನಿ. ಆಡೋ ಆಸೆ ಹೋಗಿದೆ ಅಂತಲ್ಲ, ಬೌಂಡರಿ ಆಚೆ ಕೂತಾಗ ಇನ್ನೂ ಕೈ ತುರಿಸುತ್ತೆ. ಮುಂದಿನ ಶನಿವಾರ ಮೊದಲ ಮ್ಯಾಚು. ಮ್ಯಾಟ್ ತುಂಬಾ ಭಾರ ಇದೆ, ಬೆಳಿಗ್ಗೆ ಆರೂವರೆಗೆ ಹೊತ್ತುಕೊಂಡು ಹೋಗೋಕೆ ಇನ್ನೂ ಮೂರು ಜನ ಬೇಕು. ಬರೋರು ಹಾಸ್ಟೆಲ್ ಗೇಟಿನ ಹತ್ತಿರ ಸಿಗಿ.